ರೈಲ್ವೆ ಮಂತ್ರಿಯಾಗಿದ್ದ ಜಾಫರ್ ಷರೀಫ್ ಅವರ ಬ್ರಾಡ್ ಗೇಜ್ ಅವಸರ ಸರಿಯಿತ್ತೇ?

ಪರ

ಹಳೆಯ ಮೀರಜ್ ನಿಲ್ದಾಣ ನೆನಪಿರುವವರಲ್ಲಿ ಈ ಪ್ರಶ್ನೆಯೇ ಏಳದು. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಎರಡು ಹಳಿಗಳ ನಡುವೆ 1,000 ಮಿ.ಮೀ. ಅಗಲದ ಮೀಟರ್ ಗೇಜ್ ಅಲ್ಲಿಗೆ ಮುಗಿಯುತ್ತಿತ್ತು. ಪುಣೆಯತ್ತ ಹೊರಟಿದ್ದು 1,676 ಮಿ.ಮೀ.ನ ಬ್ರಾಡ್ ಗೇಜ್. ಟ್ರಂಕು, ಮಕ್ಕಳು ಸಮೇತ ಇಳಿದು ಬೇರೆ ಗಾಡಿ ಹತ್ತಬೇಕು. ಸರಕಿನ ಪಾಡಂತೂ ಇನ್ನೂ ಕಷ್ಟ. ಗೇಜ್ ಬದಲಾಗುವ ಕಡೆಯಲ್ಲೆಲ್ಲ ಸಿಮೆಂಟು, ಗೊಬ್ಬರದ ಚೀಲಗಳನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಚೀಲ ಹರಿಯುತ್ತಿದ್ದವು, ವ್ಯಾಗನ್ ಸಿಗದಿದ್ದರೆ ಮಾಲು ಅಲ್ಲೇ ಬಿದ್ದಿರುತ್ತಿತ್ತು.

1991ರಿಂದ 1995ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಷರೀಫ್ 1992ರಲ್ಲಿ ಯೂನಿಗೇಜ್ ಯೋಜನೆ, ಅಂದರೆ ದೇಶದ ಹಳಿಗಳನ್ನು ಬ್ರಾಡ್ ಗೇಜ್ ಒಂದಕ್ಕೇ ತರುವ ಕೆಲಸ ಕೈಗೆತ್ತಿಕೊಂಡರು. ಅದಕ್ಕೆ ಮುಂಚೆ ಪರಿವರ್ತನೆ ತುಂಡುತುಂಡಾಗಿ ನಡೆಯುತ್ತಿತ್ತು. ಅರ್ಧ ಮಾರ್ಗ ಬದಲಿಸಿದರೆ ಗಾಡಿ ಬದಲಿಸುವ ತಾಪತ್ರಯ ಮುಂದಿನ ಊರಿಗೆ ಹೋಗುತ್ತದೆ, ಅಷ್ಟೇ. ಇಡೀ ಜಾಲಕ್ಕೆ ಒಟ್ಟಿಗೆ ಕೈಹಾಕುವ ಎದೆಗಾರಿಕೆ ಬೇಕಿತ್ತು. 1993ರಲ್ಲಿ ಮೈಸೂರಿಗೆ ಬ್ರಾಡ್ ಗೇಜ್ ಬಂತು. ಇವತ್ತು ಮೈಸೂರಿನಲ್ಲಿ ಹತ್ತಿದವರು ಸೀಟು ಬಿಟ್ಟೇಳದೆ ಚೆನ್ನೈ ಸೇರುತ್ತಾರೆ.

ವಿರೋಧ

ಬ್ರಾಡ್ ಗೇಜ್ ಬೇಡವೆನ್ನುವವರು ಯಾರಿದ್ದಾರೆ? ನಮ್ಮ ತಕರಾರು ಕ್ರಮದ್ದು. ಗೇಜ್ ಪರಿವರ್ತನೆ ಎಂದರೆ ಹಳಿಯನ್ನು 676 ಮಿ.ಮೀ. ಆಚೆ ಸರಿಸುವುದಲ್ಲ. ಹಳಿ ಕೂರುವ ಮಣ್ಣಿನ ಏರಿ ಅಗಲವಾಗಬೇಕು, ಹಳಿಯಡಿಯ ಅಡ್ಡಪಟ್ಟಿ (ಸ್ಲೀಪರ್) ಬದಲಾಗಬೇಕು, ಸೇತುವೆ ಹೆಚ್ಚು ಭಾರ ತಡೆಯಬೇಕು, ಪ್ಲಾಟ್‌ಫಾರ್ಮ್, ಸಿಗ್ನಲ್ ಹೊಸದಾಗಬೇಕು. ಸಾಮಾನ್ಯವಾಗಿ ಗಾಡಿ ನಿಲ್ಲಿಸಿಯೇ ಇದನ್ನು ಮಾಡಬೇಕು. ಹಾಗಾಗಿ ದುಡ್ಡು, ಜಲ್ಲಿ, ಹಳಿ ಕೈಯಲ್ಲಿದ್ದರೆ ಮಾತ್ರ ಮಾರ್ಗ ಮುಚ್ಚಬೇಕು. ದೇಶದ ತುಂಬ ಒಟ್ಟಿಗೆ ಶುರುಮಾಡಿದ್ದರಿಂದ ದುಡ್ಡು ಹಂಚಿಹೋಯಿತು. ಬೆಂಗಳೂರು–ಮೈಸೂರು ಜೋಡಿ ಹಳಿ ಪೂರ್ತಿಯಾಗಲು ಮತ್ತೆ ಎರಡು ದಶಕ ಮೀರಿ ಕಾಯಬೇಕಾಯಿತು.

ಹಾಸನ–ಮಂಗಳೂರು ಮಾರ್ಗವನ್ನೇ ನೋಡಿ. 1979ರಲ್ಲಷ್ಟೇ ತೆರೆದ ಮೀಟರ್ ಗೇಜ್ ಅದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 50 ಮೀಟರಿಗೆ 1 ಮೀಟರ್ ಏರು, ಮಳೆಗಾಲದಲ್ಲಿ ಗುಡ್ಡ ಕುಸಿತ. 1996ರಲ್ಲಿ ಇದನ್ನು ಮುಚ್ಚುವಾಗ ಷರೀಫ್ ಮಂತ್ರಿಯಾಗಿರಲಿಲ್ಲ, ನಿಜ. ಆದರೆ ನಡೆದದ್ದು ಅವರು ಹಾಕಿಕೊಟ್ಟ ದಾರಿಯೇ. ಕೊನೆಗೆ 2000ದಲ್ಲಿ ಪ್ರತ್ಯೇಕ ಕಂಪನಿ ಕಟ್ಟಿ, ರಾಜ್ಯ ಸರ್ಕಾರವೂ ಬಂಡವಾಳ ಹಾಕಬೇಕಾಯಿತು. ಗೂಡ್ಸ್ ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ. ಅಲ್ಲಿಯತನಕ ಬೆಂಗಳೂರಿನಿಂದ ಮಂಗಳೂರಿಗೆ ರೈಲಿನಲ್ಲೇ ಹೋಗುತ್ತೇನೆಂದವರು ಸೇಲಂ, ಪಾಲಕ್ಕಾಡ್ ಸುತ್ತಿ ಬರಬೇಕಿತ್ತು. ಉಳಿದವರಿಗೆ ಶಿರಾಡಿ ಘಾಟಿಯ ರಾತ್ರಿ ಬಸ್ಸೇ ಗತಿ.