ರಿಪೇರಿಯ ಹಕ್ಕು ಇದೆ, ಕಂಡೆನ್ಸರ್ ಇಲ್ಲ

ಮೊಬೈಲ್ ಡಬ್ಬಿಯ ಮೇಲೆ ಇನ್ನು ರಿಪೇರಿ ಅಂಕ ಹಾಕಬೇಕಂತೆ, ಕೆಟ್ಟರೆ ಎಷ್ಟು ಸುಲಭಕ್ಕೆ ರಿಪೇರಿ ಆಗುತ್ತೆ ಅನ್ನೋದಕ್ಕೆ. ಹಾಗಂತ ಹೇಳಿದ ಸರ್ಕಾರಿ ಸಮಿತಿಯ ವರದಿ 2025ರ ಮೇ ತಿಂಗಳಲ್ಲೇ ದೆಹಲಿಯಲ್ಲಿ ಟೇಬಲ್ ಮುಟ್ಟಿದೆ. ಅದಕ್ಕೂ ಮುಂಚೆ, 2022ರ ಡಿಸೆಂಬರ್‌ನಲ್ಲಿ, ರಿಪೇರಿ ಹಕ್ಕಿನ ಪೋರ್ಟಲ್ ಬಂತು, ಕೊಂಡ ಸಾಮಾನನ್ನು ರಿಪೇರಿ ಮಾಡಿಸಿಕೊಳ್ಳೋ ಹಕ್ಕು ನಮಗಿದೆ ಅಂತ. ಟ್ರ್ಯಾಕ್ಟರ್, ಮೊಬೈಲ್, ಗಾಡಿ, ಮನೆಯ ಮಷೀನು, ಎಲ್ಲದರ ರಿಪೇರಿ ಮಾಹಿತಿ ಒಂದೇ ಕಡೆ. ನೀವೂ ಓದಿರ್ತೀರಿ, ಮತ್ತೆ ಹೇಳೋದು ಬೇಡ. ಹಕ್ಕು ಸಿಕ್ಕ ಖುಷಿಗೋ ಏನೋ, ನಮ್ಮ ಮನೆಯ ವಾಷಿಂಗ್ ಮಷೀನ್ ತಿರುಗೋದನ್ನೇ ಬಿಟ್ಟಿತು. ಗುಂಯ್ ಅನ್ನುತ್ತೆ, ತಿರುಗಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಕನ್ನಡಕ್ಕೆ ಒಂದು ನಂಬರ್ ಒತ್ತಿ ಅಂದರು, ಒತ್ತಿದೆ. ಹಿಂದಿಯವರು ಬಂದರು. ಅವರು ಬಹಳ ಸಭ್ಯರು. ನನಗಾದ ತೊಂದರೆಗೆ ಕ್ಷಮೆ ಕೇಳಿದರು, ಅಮೂಲ್ಯ ಗ್ರಾಹಕ ಅಂದರು, ನನ್ನನ್ನು ಅಷ್ಟು ಗೌರವದಿಂದ ನಮ್ಮ ಓಣಿಯಲ್ಲಿ ಯಾರೂ ಮಾತಾಡಿಸಲ್ಲ.

ಮರುದಿನ ಹುಡುಗ ಬಂದ. ಬೈಕ್ ಮೇಲೆ ನವನಗರದಿಂದ ಹಳೇ ಹುಬ್ಬಳ್ಳಿತನಕ ಬಿಸಿಲಲ್ಲಿ ಸುತ್ತಿದ ಹುಡುಗ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಸ್ವಿಚ್ ಹಾಕಿದ, ಗುಂಯ್ ಕೇಳಿದ, ಹಿಂದಿನ ತಗಡು ಬಿಚ್ಚಲೇ ಇಲ್ಲ.

"ಬೋರ್ಡ್ ಹೋಗೈತ್ರಿ ಸರ. ಆರೂವರೆ ಸಾವಿರ ಆಕ್ಕೈತಿ."

"ರಿಪೇರಿ ಆಗಂಗಿಲ್ಲೇನಪಾ?"

"ಆಗಂಗಿಲ್ರಿ, ಗೋಂದ್ ಹಾಕಿ ಪ್ಯಾಕ್ ಮಾಡಿರ್ತಾರ."

ಅದು ನಿಜ. ಮಷೀನ್ ನಡೆಸುವ ಆ ಸರ್ಕ್ಯೂಟ್ ಬೋರ್ಡಿಗೆ ತೇವ, ಹುಳ ತಾಗಬಾರದು ಅಂತ ಮೇಲೆ ದಪ್ಪಗೆ ಅಂಟು ಸುರಿದಿರುತ್ತಾರೆ. ತೇವ ಒಳಗೆ ಹೋಗಲ್ಲ, ರಿಪೇರಿ ಮಾಡುವವನ ಕೈಯೂ ಹೋಗಲ್ಲ. ಮಾಡುವವರು ಇಲ್ಲ ಅಂತಲ್ಲ, ಆ ಅಂಟನ್ನು ಚೂರುಚೂರಾಗಿ ಕೆತ್ತಿ ತೆಗೆದು ಬೋರ್ಡ್ ಬದುಕಿಸುವ ಪುಣ್ಯಾತ್ಮರು ನಮ್ಮೂರಲ್ಲೂ ಇದ್ದಾರೆ. ಆದರೆ ಹುಡುಗ ಅವರ ಹೆಸರು ಹೇಳುವಂತಿಲ್ಲ ನೋಡಿ. ಅವನು ಹೇಳಬೇಕಾದ್ದು ಬೇರೆ ಇತ್ತು. ಗಡಸು ನೀರಿಗೆ ಪುಡಿ, ಗಾಲಿ ಸ್ಟ್ಯಾಂಡು, ಮೇಲೊಂದು ಹೂವಿನ ಕವರ್ರು. ತಿರುಗದ ಮಷೀನಿಗೆ ಕವರ್ ಹಾಕಿದರೆ ಚಂದ ಕಾಣುತ್ತೆ, ಒಪ್ಪುವ ಮಾತೇ.

ಹೋಗುವಾಗ ಓಟಿಪಿ ಕೇಳಿದ. ಕೊಟ್ಟ ಕೂಡಲೇ ನನ್ನ ಫೋನಿಗೆ ಮೆಸೇಜು: ನಿಮ್ಮ ದೂರು ಯಶಸ್ವಿಯಾಗಿ ಬಗೆಹರಿದಿದೆ. ಒಳಗೆ ಬಟ್ಟೆ ಇನ್ನೂ ಸೋಪಿನ ನೀರಲ್ಲೇ ಇದ್ದವು. "ಸರ, ಫೋನ್ ಬಂದ್ರ ಹತ್ತಕ್ಕ ಹತ್ತು ಅನ್ರಿ, ಇಲ್ಲಾಂದ್ರ ನಮ್ ಪಗಾರ ಕಟ್ ಮಾಡ್ತಾರ." ಹತ್ತಕ್ಕೆ ಹತ್ತು ಅಂದೆ. ಅವನ ಪಗಾರದ ಮೇಲೆ ನಾನ್ಯಾಕೆ ಕಲ್ಲು ಹಾಕಲಿ?

ವಾರಂಟಿ ಕಾರ್ಡ್ ಹುಡುಕಿದೆ. ಮೋಟರಿಗೆ 10 ವರ್ಷ ಅಂತ ಕಡಲೆಕಾಯಿ ಗಾತ್ರದ ಅಕ್ಷರ. ಮೋಟರು ತಾಮ್ರ, ಕಬ್ಬಿಣ, ಅದು ಸುಮ್ನೆ ಕೆಡಲ್ಲ. ಕೆಡುವುದೆಲ್ಲ ರಬ್ಬರು, ಪ್ಲಾಸ್ಟಿಕ್ಕು, ಪೈಪು, ಬೆಲ್ಟು. ಅವೆಲ್ಲ ಹಿಂದಿನ ಪುಟದಲ್ಲಿ ಸಾಸಿವೆ ಗಾತ್ರದಲ್ಲಿ ಮಲಗಿವೆ, ವಾರಂಟಿ ಇಲ್ಲದವರ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಇಲಿ ಕೂಡ ಇದೆ! ಇಲಿ ಕಡಿದರೆ ಕಂಪನಿ ಹೊಣೆಯಲ್ಲ. ನಮ್ಮ ಕಡೆ ಮಷೀನ್ ಇಡೋದು ಹಿತ್ತಲಲ್ಲಿ ಇಲ್ಲಾ ಬಚ್ಚಲ ಬಾಜೂಕೆ. ಇಲಿ ತಳದಿಂದ ಏರುತ್ತೆ, ಬೆಚ್ಚಗಿನ ಜಾಗ, ತಿನ್ನಲು ಬಣ್ಣಬಣ್ಣದ ವೈರು. ಎಷ್ಟೋ ಮಷೀನಿಗೆ ತಳವೇ ಇರಲ್ಲ, ತೆರೆದ ಬಾಗಿಲು. ತಳಕ್ಕೆ ಜಾಲರಿ ಬೇಕಾದರೆ ಬೇರೆ ದುಡ್ಡು ಕೊಟ್ಟು ತರಬೇಕು. ಅಂದರೆ ಇಲಿ ಬರುತ್ತೆ ಅಂತ ಕಂಪನಿಯ ವಕೀಲರಿಗೆ ಗೊತ್ತು, ಕಂಪನಿಯ ಇಂಜಿನಿಯರಿಗೆ ಗೊತ್ತಿಲ್ಲ. ಇಬ್ಬರೂ ಒಂದೇ ಕ್ಯಾಂಟೀನಲ್ಲಿ ಊಟ ಮಾಡ್ತಾರೆ ಅಲ್ವಾ? ಒಂದು ದಿನವಾದರೂ ಮಾತಾಡಬಾರದೇ?

ಅದೇ ಇಂಜಿನಿಯರ್ ಇನ್ನೊಂದು ಕಡೆ ಬರೆದಿದ್ದಾನೆ, ನೀರಿನ ಒತ್ತಡ ಕನಿಷ್ಠ 50 ಕಿಲೋಪ್ಯಾಸ್ಕಲ್ ಇರಬೇಕಂತೆ. ಲೆಕ್ಕ ಹಾಕಿದರೆ ಟಾಕಿ ನಲ್ಲಿಗಿಂತ 5 ಮೀಟರ್ ಎತ್ತರದಲ್ಲಿರಬೇಕು. ನಮ್ಮದು ಒಂದಂತಸ್ತಿನ ಮನೆ. ಟಾಕಿಯನ್ನು ಉಣಕಲ್ ಗುಡ್ಡದ ಮೇಲೆ ಇಡಲೇ? ಮಲಪ್ರಭೆಯ ನೀರು ನಮ್ಮ ನಳಕ್ಕೆ ಬರೋದೇ ಅವಳ ಮನಸ್ಸಿಗೆ ಬಂದ ದಿನ. 24 ತಾಸು ನೀರು ಅನ್ನೋ ಭಾಗ್ಯ ಈ ಊರಿನ ಕೆಲವು ವಾರ್ಡುಗಳಿಗೆ 2008ರಲ್ಲೇ ಬಂತು. ಉಳಿದವರು ಇನ್ನೂ ಕೊಡ ಸಾಲಾಗಿಟ್ಟು ಕೂತಿದ್ದಾರೆ.

ಇರಲಿ. ಆರೂವರೆ ಸಾವಿರ ಇರಲಿಲ್ಲ, ಹಾಗಾಗಿ ಸ್ಕ್ರೂಡ್ರೈವರ್ ಹಿಡಿದೆ. ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿದೆ. ಬೆಲ್ಟ್ ಗಟ್ಟಿ ಇತ್ತು, ಚಕ್ರ ಕೈಯಲ್ಲಿ ತಿರುವಿದರೆ ಸಲೀಸಾಗಿ ತಿರುಗಿತು. ಹಾಗಾದರೆ ಮೋಟರ್ ಜಾಮ್ ಆಗಿಲ್ಲ. ಪಕ್ಕದಲ್ಲಿ ಮೋಟರ್ ತಿರುಗೋಕೆ ಶುರುವಿನ ನೂಕು ಕೊಡುವ ಡಬ್ಬಿಯಂಥ ಕಂಡೆನ್ಸರು, ತಲೆ ಉಬ್ಬಿ ಬದಿಯಲ್ಲಿ ಎಣ್ಣೆ ಜಿನುಗಿತ್ತು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತೆ, ಎರಡೂ ತುದಿಗೆ ಬಲ್ಬ್ ಹಚ್ಚಿ ಖಾಲಿ ಮಾಡಿಯೇ ಮುಟ್ಟಬೇಕು. ಮೈಮೇಲೆ 12 ಮೈಕ್ರೋಫ್ಯಾರಡ್, 450 ವೋಲ್ಟ್ ಅಂತ ಬರೆದಿತ್ತು.

ಕಂಪನಿಯ ಸೆಂಟರಿಗೆ ಹೋಗಿ ಇದೊಂದು ಕೊಡಿ ಅಂದೆ. "ಕೌಂಟರ್ ಮ್ಯಾಲೆ ಕೊಡಂಗಿಲ್ರಿ. ನಮ್ ಹುಡುಗನ ಬಂದು ಹಾಕಬೇಕು." ಯಾವ ಹುಡುಗ? ಬೋರ್ಡ್ ಅಂದ ಹುಡುಗ. ಅಲ್ಲಿಂದ ದಾಜೀಬಾನ ಪೇಟೆ ಕಡೆ ಒಂದು ಓಣಿ ಹೊಕ್ಕೆ. ಅಂಗಡಿಯ ಅಜ್ಜ ಹಳೇದನ್ನು ನೋಡಿ, ಡಬ್ಬಿಯಿಂದ ಹೊಸದೊಂದು ತೆಗೆದು ಕೌಂಟರ್ ಮೇಲಿಟ್ಟ.

"ಬೋರ್ಡ್ ಅಂದ್ರೇನು?"

"ಹೌದ್ರಿ ಅಜ್ಜಾರ."

"ಎಲ್ಲಾರಿಗೂ ಬೋರ್ಡಽ ಅಂತಾರ. ನೂರಾ ಅರವತ್ತು ಕೊಡು."

ಮಷೀನ್ ತಿರುಗಿತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ, ಪಂಪ್‌ಸೆಟ್ ಇಟ್ಟುಕೊಂಡ ಯಾವ ರೈತನಿಗೆ ಕೇಳಿದರೂ ಗುಂಯ್ ಅಂದ ಕೂಡಲೇ ಕಂಡೆನ್ಸರ್ ಅನ್ನುತ್ತಾನೆ. ಅದಕ್ಕೇ ಸಿಟ್ಟು ಬರೋದು. ನೂರಾ ಅರವತ್ತು ರೂಪಾಯಿ ಸಾಮಾನಿಗೆ ಆರೂವರೆ ಸಾವಿರ ಕೇಳಿದರು. ಈ ನಡುವೆ ನಳ ಬಂದ ದಿನ ನಮ್ಮವ್ವ ಕೌದಿ, ಚಾದರ ಎಲ್ಲಾ ಬಂಡೆಗೆ ಹಾಕಿ ಒಗೆದಳು. ಅವಳ ಮೊಣಕೈ ನೋವಿಗೆ ಯಾವ ಪೋರ್ಟಲ್ಲಲ್ಲೂ ಕಾಲಂ ಇಲ್ಲ. ಎಷ್ಟು ಮನೆಯಲ್ಲಿ ಹೀಗೆ ಸಾಲ ಮಾಡಿ ಬೋರ್ಡ್ ಹಾಕಿಸಿರಬಹುದು? ಸಾಕಪ್ಪ ಅನ್ನಿಸುತ್ತೆ.

ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ಕಾನೂನಿದೆ. ವಾಷಿಂಗ್ ಮಷೀನಿನ ಮುಖ್ಯ ಬಿಡಿಭಾಗಗಳನ್ನು ಆ ಮಾಡೆಲ್ ನಿಂತ ಮೇಲೂ 10 ವರ್ಷ ಕೊಡಬೇಕು, ಕೇಳಿದ 15 ಕೆಲಸದ ದಿನಗಳೊಳಗೆ ಕಳಿಸಬೇಕು. ಕೊಡದಿದ್ದರೆ ಅಲ್ಲಿ ಮಾರುವಂತಿಲ್ಲ. ನಮ್ಮಲ್ಲಿ? 2018ರ ಜುಲೈನಲ್ಲಿ ಹೊಸ ವಾಷಿಂಗ್ ಮಷೀನಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಸಿದರು. ರಿಪೇರಿ ಕೂಲಿಯ ಮೇಲಿನ 18 ಹಾಗೇ ಇದೆ. ಹೊಸದು ಕೊಳ್ಳುವವನಿಗೆ ರಿಯಾಯಿತಿ, ಹಳೇದು ಉಳಿಸುವವನಿಗೆ ಹಕ್ಕು.

ಮೊನ್ನೆ ಮತ್ತೆ ಫೋನ್ ಬಂತು, ಅದೇ ಸಭ್ಯ ದನಿ. ಕೆಟ್ಟ ಮಷೀನ್ ಎಕ್ಸ್‌ಚೇಂಜಿಗೆ ಕೊಡಿ, ಒಂದೂವರೆ ಸಾವಿರ ಕಡಿಮೆ ಮಾಡ್ತೀವಿ ಅಂದರು. ಕೊಟ್ಟ ಮಷೀನ್ ಏನು ಮಾಡ್ತೀರಿ ಅಂತ ಕೇಳಿದೆ. ಅವರು ಲೈನ್ ಹೋಲ್ಡ್‌ಗೆ ಹಾಕಿದರು. ನನಗೆ ಗೊತ್ತಿದ್ದದ್ದೇ ಬಿಡಿ, ಅಂಥವು ಸೆಕೆಂಡ್ ಹ್ಯಾಂಡ್ ಅಂಗಡಿಗಳ ಮುಂದೆ ಒರೆಸಿಕೊಂಡು ಸಾಲಾಗಿ ನಿಂತಿರುತ್ತವೆ, ಒಂದೊಂದಕ್ಕೆ ಐದು ಸಾವಿರ, ಒಳಗೆ ಹೊಸ ಕಂಡೆನ್ಸರ್.