ಮಧುಮೇಹಿಯ ಹೃದಯವನ್ನು ಅರಿಯಲು ಸ್ಟ್ರೆಪ್ಟೊಜೋಟೊಸಿನ್ ಇಲಿ ಸಾಕೇ?

ಪರ

ಸಕ್ಕರೆಯೊಂದೇ ಹೃದಯದ ಸ್ನಾಯುವನ್ನು ಎಷ್ಟು ಕೆಡಿಸುತ್ತದೆ ಎಂದು ತಿಳಿಯಲು ಬೊಜ್ಜು, ಬಿಪಿ, ಕೊಲೆಸ್ಟರಾಲ್ ಎಲ್ಲವನ್ನೂ ಬದಿಗಿಡಬೇಕು. ರೋಗಿಯಲ್ಲಿ ಅದು ಆಗದ ಮಾತು. ಸ್ಟ್ರೆಪ್ಟೊಜೋಟೊಸಿನ್ ಚುಚ್ಚಿದ ಇಲಿಯಲ್ಲಿ ಸಾಧ್ಯ. ಗ್ಲೂಕೋಸ್ ತುಣುಕನ್ನು ಹೊತ್ತ ಈ ರಾಸಾಯನಿಕ ಗ್ಲಟ್-2 ಎಂಬ ಸಕ್ಕರೆ ಬಾಗಿಲಿನ ಮೂಲಕ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಕ್ಕೆ ನುಗ್ಗಿ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಅದನ್ನು ದುರಸ್ತಿ ಮಾಡುವ ಭರದಲ್ಲಿ ಎನ್‌ಎಡಿ ಎಂಬ ಶಕ್ತಿ ತಯಾರಿಗೆ ಬೇಕಾದ ಅಣುವಿನ ದಾಸ್ತಾನು ಬರಿದಾಗಿ ಕೋಶ ಸಾಯುತ್ತದೆ, ಇಲಿಗೆ ಮಧುಮೇಹ ಬರುತ್ತದೆ.

ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಬರುವುದಿಲ್ಲ ಎನ್ನುವವರು ಮೊದಲು ತಮ್ಮ ಬಫರ್ (ಮದ್ದು ಕರಗಿಸುವ ದ್ರಾವಣ) ನೋಡಿಕೊಳ್ಳಲಿ. ಸಿಟ್ರೇಟ್ ಬಫರಿನ ಪಿಎಚ್ 4.5 ಇರಬೇಕು, ಕರಗಿಸಿದ 15-20 ನಿಮಿಷದೊಳಗೆ ಚುಚ್ಚಿ ಮುಗಿಸಬೇಕು. ಎಲ್ಲ ಇಲಿಗಳಿಗೂ ಒಟ್ಟಿಗೇ ಕರಗಿಸಿಟ್ಟರೆ ಕೊನೆಯವಕ್ಕೆ ಸಿಗುವುದು ಕಸುವು ಕಳೆದುಕೊಂಡ ಮದ್ದು. ಸುಂಡಿಲಿಗಾದರೆ ಕೆಲವು ಗಂಟೆ ಉಪವಾಸದ ಬಳಿಕ ಕಿಲೋ ತೂಕಕ್ಕೆ 50 ಮಿ.ಗ್ರಾಂ. ಲೆಕ್ಕದಲ್ಲಿ 5 ದಿನ. ಒಂದೇ ಸಲ ದೊಡ್ಡ ಡೋಸ್ ಕೊಟ್ಟರೆ ಮೂತ್ರಪಿಂಡ, ಯಕೃತ್ತು ಕೂಡ ವಿಷ ಉಣ್ಣುತ್ತವೆ; ಸಾಯುತ್ತಿರುವ ಬೀಟಾ ಕೋಶಗಳು ಇನ್ಸುಲಿನ್ನನ್ನು ಒಮ್ಮೆಲೇ ಚೆಲ್ಲಿ ಶುಗರ್ ಕುಸಿಯುತ್ತದೆ. ಅದಕ್ಕೇ ಆರಂಭದಲ್ಲಿ ಶೇ. 10ರ ಸಕ್ಕರೆ ನೀರು ಇಡುವುದು.

ಇನ್ನು ಮುಖ್ಯವಾದದ್ದು: ಒಂದು ಗುಂಪಿಗೆ ಇನ್ಸುಲಿನ್ ಕೊಟ್ಟು ಸಾಕಬೇಕು. ಅವುಗಳ ಹೃದಯ ಚೇತರಿಸಿಕೊಂಡರೆ ಹಾನಿ ಮಧುಮೇಹದ್ದು, ಇಲ್ಲವಾದರೆ ಮದ್ದಿನ ವಿಷದ ಮೇಲೆ ಅನುಮಾನ. ಈ ಗುಂಪೇ ಇಲ್ಲದ ಸಂಶೋಧನಾ ಲೇಖನವನ್ನು ಪೂರ್ತಿ ಓದುವ ತಾಳ್ಮೆ ನನಗಿಲ್ಲ.

ವಿರೋಧ

ಬಫರ್ ಸರಿಯಿದೆ ಎಂದೇ ಇಟ್ಟುಕೊಳ್ಳೋಣ. ಮಧುಮೇಹಿಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಗಿರುವುದು ಟೈಪ್ 2. ಮೇಲೆ ಬದಿಗಿಟ್ಟ ಬೊಜ್ಜು, ಬಿಪಿಗಳೇ ಅವರ ಹೃದಯದ ಕಥೆ. ಈ ಇಲಿಯೋ ಸೊರಗಿ ಕಡ್ಡಿಯಾಗಿರುತ್ತದೆ.

ಆ ಸೊರಗುವಿಕೆ ಅಳತೆಯನ್ನೂ ಹಾಳುಮಾಡುತ್ತದೆ. ಹೃದಯದ ತೂಕವನ್ನು ದೇಹದ ತೂಕದಿಂದ ಭಾಗಿಸಿ ‘ಹೃದಯ ದಪ್ಪಗಾಗಿದೆ’ ಎಂದು ಬರೆಯುತ್ತಾರೆ. ನಿಜಕ್ಕೂ ಹೃದಯವೂ ಕುಗ್ಗಿರುತ್ತದೆ, ದೇಹ ಅದಕ್ಕಿಂತ ಹೆಚ್ಚು ಕುಗ್ಗಿರುತ್ತದೆ, ಅಷ್ಟೇ. ಮೊಣಕಾಲಿನ ಕೆಳಗಿನ ಟಿಬಿಯಾ ಮೂಳೆಯ ಉದ್ದದಿಂದ ಭಾಗಿಸಿದರೆ ಆ ‘ದಪ್ಪ’ ಎಷ್ಟೋ ಸಲ ಮಾಯ.

ಇನ್ನೊಂದು ತೊಡಕು ಥೈರಾಯ್ಡ್‌ನದು. ಈ ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನೂ ಇಳಿಯುತ್ತದೆ. ಅದಿಳಿದರೆ ಸ್ನಾಯುವನ್ನು ಸಂಕುಚಿಸುವ ಮಯೋಸಿನ್ ಪ್ರೋಟೀನಿನ ವೇಗದ ಆಲ್ಫಾ ಬಗೆ ಕಡಿಮೆಯಾಗಿ ನಿಧಾನದ ಬೀಟಾ ಬಗೆ ಹೆಚ್ಚುತ್ತದೆ, ಬಡಿತ ನಿಧಾನವಾಗುತ್ತದೆ. ಅದನ್ನೆಲ್ಲ ಸಕ್ಕರೆಯ ಲೆಕ್ಕಕ್ಕೆ ಬರೆಯುವುದು ಹೇಗೆ? ಮನುಷ್ಯನ ಹೃದಯದ ಕುಹರದಲ್ಲಂತೂ (ರಕ್ತ ಹೊರದೂಡುವ ಕೆಳಗಿನ ಕೋಣೆ) ಮೊದಲಿನಿಂದಲೂ ಬೀಟಾದ್ದೇ ಮೇಲುಗೈ. ಇನ್ಸುಲಿನ್ ಗುಂಪಿಟ್ಟರೂ ಇದು ಬಗೆಹರಿಯದು: ಇನ್ಸುಲಿನ್ ಸಕ್ಕರೆಯ ಜೊತೆಗೆ ತೂಕವನ್ನೂ ಥೈರಾಯ್ಡನ್ನೂ ಸರಿಪಡಿಸುತ್ತದೆ.

ಆಸ್ಪತ್ರೆಯ ಪಾಠವೂ ಇದೇ. ಇಲಿಗಳಲ್ಲಿ ಭರವಸೆ ಮೂಡಿಸಿದ್ದ ಆಲ್ಡೋಸ್ ರಿಡಕ್ಟೇಸ್ (ಗ್ಲೂಕೋಸನ್ನು ಸಾರ್ಬಿಟಾಲ್ ಆಗಿಸುವ ಕಿಣ್ವ) ತಡೆಯುವ ದಾರಿಯನ್ನು ಅರೈಸ್-ಎಚ್‌ಎಫ್ ಟ್ರಯಲ್ ಮಧುಮೇಹಿಗಳ ಹೃದಯದಲ್ಲಿ ಪರೀಕ್ಷಿಸಿತು. ವ್ಯಾಯಾಮ ಸಾಮರ್ಥ್ಯ ಉಳಿಸುವ ಮುಖ್ಯ ಗುರಿ ಕೈಗೂಡಲಿಲ್ಲ. ಅತ್ತ 2015ರ ಎಂಪಾ-ರೆಗ್ ಎಂಬ ಟ್ರಯಲ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ಹೃದ್ರೋಗದ ಸಾವನ್ನು ಶೇ. 38ರಷ್ಟು ಇಳಿಸಿತು. ಹೃದಯದ ಕೋಶದಲ್ಲಿ ಅದರ ಗುರಿಯಾದ, ಮೂತ್ರಪಿಂಡದಲ್ಲಿ ಸಕ್ಕರೆಯನ್ನು ಮರಳಿ ಹೀರುವ ಪ್ರೋಟೀನ್ ಎಸ್‌ಜಿಎಲ್‌ಟಿ-2 ಸಿಗುವುದೇ ಇಲ್ಲ! ಅಣುಮಟ್ಟದ ಕಾರಣ ಹುಡುಕುವ ಓಟ ಜೋರಾದದ್ದು ಆಮೇಲೆ.

ಇಲಿಯ ಬದಲಿಗೆ, ಬೈಪಾಸ್ ಶಸ್ತ್ರಚಿಕಿತ್ಸೆಯ ವೇಳೆ ಕತ್ತರಿಸಿ ಬಿಸಾಡುವ ಬಲ ಹೃತ್ಕರ್ಣದ (ಹೃದಯದ ಮೇಲಿನ ಕೋಣೆ) ತುದಿಯನ್ನು ರೋಗಿಯ ಒಪ್ಪಿಗೆ ಪಡೆದು, ತಕ್ಷಣ ತಣ್ಣನೆಯ ದ್ರಾವಣಕ್ಕೆ ಹಾಕಿ ಲ್ಯಾಬಿಗೆ ತರಬಹುದು. ಅದು ಕುಹರವಲ್ಲ, ನಿಜ. ಆದರೂ ಮಧುಮೇಹಿಯದೇ ಸ್ನಾಯು.