ಕೊರಿಯಾದಲ್ಲಿದ್ದೀರಾ? ಕೆಸರು ಹಬ್ಬಕ್ಕಿಂತ ಮೊದಲು ದಾನೊಜೆ ನೋಡಿ

ಬೇಸಿಗೆ ಬಂತೆಂದರೆ ಕೊರಿಯಾದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು: ಬೊರ್ಯಂಗ್ ಕೆಸರು ಹಬ್ಬಕ್ಕೆ ಯಾರ್ಯಾರು ಹೊರಟಿದ್ದೀರಿ? ಹೋಗಿ, ಬೇಡ ಅನ್ನುವುದಿಲ್ಲ. ಅದು ಊರಿನ ಕೆಸರಿನಿಂದ ಮಾಡಿದ ಸೌಂದರ್ಯವರ್ಧಕಗಳ ಪ್ರಚಾರಕ್ಕೆಂದು 1998ರಲ್ಲಿ ಶುರುವಾದ ಹಬ್ಬ, ಮಜಾ ಇದೆ. ಆದರೆ ಇಡೀ ಬೇಸಿಗೆಯಲ್ಲಿ ಒಂದೇ ಹಬ್ಬಕ್ಕೆ ರಜೆ ಸಿಗುವುದಾದರೆ ಅದನ್ನು ಗಂಗ್‌ನುಂಗ್‌ನ ದಾನೊಜೆಗೆ ಇಡಿ. ಪೂರ್ವ ಕರಾವಳಿಯ ಆ ಊರಿನಲ್ಲಿ ಬೆಟ್ಟದ ದೇವರನ್ನು ಊರೊಳಗೆ ಕರೆತಂದು, ದಿನಗಟ್ಟಲೆ ಸತ್ಕರಿಸಿ, ಮತ್ತೆ ಕಳಿಸಿಕೊಡುತ್ತಾರೆ. 2005ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿದೆ.

ದಿನಾಂಕದಲ್ಲೇ ಬಹಳ ಜನ ಎಡವುತ್ತಾರೆ. ದಾನೊಜೆ ಎಂದರೆ ದಾನೊ ದಿನದ ಹಬ್ಬ, ದಾನೊ ಎಂದರೆ ಚಾಂದ್ರಮಾನ ಐದನೇ ತಿಂಗಳ ಐದನೇ ದಿನ. ನಮ್ಮ ಪಂಚಾಂಗದಲ್ಲಿ ಹೆಚ್ಚಿನ ವರ್ಷ ಜ್ಯೇಷ್ಠ ಶುದ್ಧ ಪಂಚಮಿಯ ಆಚೀಚೆ ಬರುತ್ತದೆ. ಆದರೆ ಅಧಿಕ ಮಾಸವನ್ನು ಅವರು ಒಂದು ಕಡೆ, ನಾವು ಇನ್ನೊಂದು ಕಡೆ ಸೇರಿಸಿದ ವರ್ಷ ಲೆಕ್ಕ ತಪ್ಪುತ್ತದೆ. 2023ರಲ್ಲಿ ದಾನೊ ಜೂನ್ 22ಕ್ಕೆ ಬಂತು, ನಮ್ಮಲ್ಲಿ ಆಗಲೇ ಆಷಾಢ. 2025ರಲ್ಲಿ ಮೇ 31, 2026ರಲ್ಲಿ ಜೂನ್ 19. ಜೂನ್ ಕೊನೆಗೆ ಚಾಂಗ್ಮಾ ಮಳೆ ಹಿಡಿಯುವುದರಿಂದ, ದಾನೊ ತಡವಾಗಿ ಬಂದ ವರ್ಷ ಕೊಡೆಯ ಬದಲು ರೇನ್‌ಕೋಟ್ ಒಯ್ಯಿರಿ. ಸಂದಣಿಯಲ್ಲಿ ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಇನ್ನೊಂದು ತಪ್ಪು, ಐದನೇ ದಿನ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸಾಗುವುದು. ಹಬ್ಬದ ಕೆಲಸ ಒಂದು ತಿಂಗಳ ಮೊದಲೇ, ನಾಲ್ಕನೇ ತಿಂಗಳ ಐದಕ್ಕೆ, ಚಿಲ್‌ಸಾದಾಂಗ್ ಎಂಬ ಹಳೆಯ ಸರಕಾರಿ ಕಟ್ಟಡದಲ್ಲಿ ದೇವರ ಮದ್ಯಕ್ಕೆ ಅಕ್ಕಿ ಹಾಕುವುದರಿಂದ ಶುರು. ಅದಕ್ಕೆ ಊರಿನ ಜನರೇ ಅಕ್ಕಿ ತಂದುಕೊಡುತ್ತಾರೆ. ಹದಿನೈದಕ್ಕೆ ದೇಗ್ವಾಲ್ಯಂಗ್ ಕಣಿವೆಯ ಮೇಲೆ ಪೂಜೆ. ಅಲ್ಲಿ ಕಾಡಿನ ಮೇಪಲ್ ಮರವೊಂದರಲ್ಲಿ ದೇವರು ಇಳಿದ ಗುರುತಾಗಿ ನಡುಕ ಕಂಡರೆ ಅದನ್ನು ಕಡಿದು, ಬಣ್ಣದ ಬಟ್ಟೆ ಕಟ್ಟಿ ಕೆಳಗೆ ತರುತ್ತಾರೆ. ಈ ದೇವರು ಒಂಬತ್ತನೇ ಶತಮಾನದ ಬೊಮಿಲ್ ಎಂಬ ಭಿಕ್ಷು. ಐದನೇ ತಿಂಗಳ ಮೂರರ ಸಂಜೆ ಅವನನ್ನೂ ಅವನ ದೇವಿಯನ್ನೂ ದೀಪಗಳ ಮೆರವಣಿಗೆಯಲ್ಲಿ ನಾಮ್‌ದೇಚನ್ ನದಿ ದಂಡೆಗೆ ಕರೆತರುತ್ತಾರೆ. ನೋಡಬೇಕಾದ್ದು ಅದು. ಎರಡು ದಿನ ಸಿಕ್ಕರೆ ಮೂರರ ಸಂಜೆ ಅಲ್ಲಿರುವಂತೆ ಹೋಗಿ.

ಭಾಷೆ ಬರುವುದಿಲ್ಲ ಎಂಬ ಅಳುಕಿದ್ದವರಿಗೆ ಗ್ವಾನ್ನೊ ಮುಖವಾಡದ ಆಟ ಇದೆ. ಅದರಲ್ಲಿ ಮಾತೇ ಇಲ್ಲ. ಸರಕಾರಿ ಗುಲಾಮರು ಆಡುತ್ತಿದ್ದ ಆಟ ಅದು. ಅಂಗಿಯೊಳಗೆ ಹೊಟ್ಟೆಯ ಸುತ್ತ ಬಳೆಯಂಥ ಚೌಕಟ್ಟು ಕಟ್ಟಿಕೊಂಡ ಜಾಂಗ್‌ಜಾಮಾರಿಗಳು ಮೊದಲು ಬಂದು ಜಾಗ ಬಿಡಿಸುತ್ತಾರೆ. ಅವರ ಅಂಗಿಗೆ ಸಮುದ್ರದ ಪಾಚಿ ನೇತಾಡುತ್ತಿರುತ್ತದೆ. ಕಥೆ ಸರಳ: ಯಾಂಗ್‌ಬಾನ್ ಗೌಡನೂ ಸೊಮೆ ಗಾಕ್ಸಿ ಎಂಬ ಹೆಣ್ಣೂ ಒಲಿಯುತ್ತಾರೆ, ಇಬ್ಬರು ಕೇಡಿಗರು ನಡುವೆ ನುಗ್ಗುತ್ತಾರೆ, ಗೌಡ ಅವಳನ್ನು ಅನುಮಾನಿಸುತ್ತಾನೆ. ತನ್ನ ತಪ್ಪಿಲ್ಲವೆಂದು ತೋರಿಸಲು ಅವಳು ಅವನದೇ ಉದ್ದ ಗಡ್ಡವನ್ನು ಕುತ್ತಿಗೆಗೆ ನೇಣಿನಂತೆ ಸುತ್ತಿಕೊಳ್ಳುತ್ತಾಳೆ. ಆ ಗಡ್ಡ ಕಾಣಬೇಕಾದರೆ ಮುಂದಿನ ಸಾಲಲ್ಲಿ ನೆಲದ ಮೇಲೆ ಕೂರಬೇಕು.

ಚಾಂಗ್ಪೊ ನೀರಿನಲ್ಲಿ ತಲೆ ತೊಳೆಯುವುದನ್ನು ತಪ್ಪಿಸಬೇಡಿ. ಹಲವು ಇಂಗ್ಲಿಷ್ ಬರಹಗಳಲ್ಲಿ ಇದನ್ನು ಐರಿಸ್ ಎಂದು ಬರೆದಿರುತ್ತಾರೆ, ಅದು ಬೇರೆ ಗಿಡ. ಚಾಂಗ್ಪೊ ಎಂದರೆ ನಮ್ಮ ಬಜೆ! ಮಕ್ಕಳಿಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದೇ. ಎಲೆ, ಬೇರು ಕುದಿಸಿದ ನೀರನ್ನು ದೊಡ್ಡ ಬೋಗುಣಿಯಲ್ಲಿಟ್ಟು ಕೂದಲ ಮೇಲೆ ಹೊಯ್ಯುತ್ತಾರೆ, ಮೂಗಿಗೆ ಸೀದಾ ಅಜ್ಜಿ ಮನೆಯ ವಾಸನೆ. ಟವೆಲ್ ನೀವೇ ಒಯ್ಯಿರಿ. ಪಕ್ಕದಲ್ಲೇ ಜೋಕಾಲಿ. ಉತ್ತರ ಕರ್ನಾಟಕದ ಪಂಚಮಿ ಕಂಡವರಿಗೆ ಹೇಳಿಕೊಡಬೇಕಿಲ್ಲ, ಇಲ್ಲಿಯೂ ನಿಂತೇ ಜೀಕುವುದು.

ಸಸ್ಯಾಹಾರಿಗಳಿಗೆ ನಿಜವಾದ ಕಷ್ಟ ಊಟದ್ದು. ‘ಗೊಗಿ ಪ್ಪೆ ಜುಸೆಯೊ’, ಮಾಂಸ ತೆಗೆದುಕೊಡಿ, ಎಂದರೆ ತುಂಡುಗಳನ್ನಷ್ಟೇ ತೆಗೆಯುತ್ತಾರೆ, ಒಣಮೀನು ಕುದಿಸಿದ ಸಾರು ಹಾಗೇ ಇರುತ್ತದೆ. ಮೀನು ‘ಗೊಗಿ’ಯ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡವರೇ ಹೆಚ್ಚು. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಸೀಗಡಿ ಅಥವಾ ಮೀನಿನ ಉಪ್ಪುರಸ ಇದ್ದೇ ಇರುತ್ತದೆ. ಇಲ್ಲಿ ನಂಬಬಹುದಾದ್ದು ಗಾಮ್ಜಾಜನ್, ಆಲೂಗಡ್ಡೆ ದೋಸೆ. ಆಲೂ ತುರಿದು, ಹಿಂಡಿ, ಹಿಂಡಿದ ನೀರನ್ನು ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿ ಚೆಲ್ಲಿ, ತಳದಲ್ಲಿ ಕೂತ ಬಿಳಿ ಪಿಷ್ಟವನ್ನು ಮತ್ತೆ ತುರಿಗೆ ಕಲಸಿ ಹುಯ್ಯುತ್ತಾರೆ. ಸರಿಯಾಗಿ ಮಾಡಿದ್ದಕ್ಕೆ ಮೊಟ್ಟೆಯೂ ಬೇಡ, ಮೈದಾವೂ ಬೇಡ. ಅವಸರದಲ್ಲಿ ಪಿಷ್ಟ ಕೂರಲು ಬಿಡದಿದ್ದರೆ ಅಂಚು ಗರಿಯಾಗದೆ ಹರಿಯುತ್ತದೆ. ಅದೇ ಕಾವಲಿಯಲ್ಲಿ ಮಾಂಸ ಹುರಿಯುತ್ತಾರಾ ಎಂದು ಒಮ್ಮೆ ಕಣ್ಣಾಡಿಸಿ. ಹಬ್ಬಕ್ಕೇ ಮಾಡುವ ಸುರಿಚ್ವಿ ತ್ತೊಕ್, ಚಕ್ರದ ಅಚ್ಚೊತ್ತಿದ ಹಸಿರು ಅಕ್ಕಿ ಕಡುಬು, ಅದೂ ತಿನ್ನಬಹುದು.

ಸೋಲ್‌ನಿಂದ ಕೆಟಿಎಕ್ಸ್ ರೈಲಿನಲ್ಲಿ ಸುಮಾರು ಎರಡು ಗಂಟೆ. ಟಿಕೆಟ್ ಒಂದು ತಿಂಗಳ ಮೊದಲು ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ಹೋಗುವ ಟಿಕೆಟ್‌ಗಿಂತ ಮೊದಲು ಭಾನುವಾರ ಸಂಜೆಯ ವಾಪಸು ಟಿಕೆಟ್ ಹಿಡಿಯಿರಿ, ಮೊದಲು ಖಾಲಿಯಾಗುವುದು ಅದೇ. ಬಸ್ಸಿದೆ, ಆದರೆ ವಾರಾಂತ್ಯದಲ್ಲಿ ಯಂಗ್‌ದಾಂಗ್ ಹೆದ್ದಾರಿ ಜಾಮ್ ಆಗುತ್ತದೆ. ನಡೆಯುವ ದಾರಿಗೆ ಗೂಗಲ್ ಮ್ಯಾಪ್ ನೆಚ್ಚಬೇಡಿ, ನೇವರ್ ಮ್ಯಾಪ್ ಹಾಕಿಕೊಳ್ಳಿ.

ಕೊನೆಯ ರಾತ್ರಿ ದೇವರನ್ನು ಕಳಿಸಿಕೊಟ್ಟು, ಪೂಜೆಗೆ ಬಳಸಿದ ಕಾಗದದ ಹೂ, ದೀಪ, ದೇವರ ಮರ ಎಲ್ಲವನ್ನೂ ಸುಡುತ್ತಾರೆ. ಗಾಳಿ ಬರುವ ಕಡೆ ನಿಂತುಕೊಳ್ಳಿ, ಫ್ಲ್ಯಾಶ್ ಹಾಕಬೇಡಿ, ಮತ್ತು ಅವತ್ತಿನ ಮಟ್ಟಿಗೆ ಊರಲ್ಲೇ ಕೋಣೆ ಹಿಡಿಯಿರಿ. ಕೊನೆಯ ರೈಲಿಗೆ ಗಡಿಯಾರ ನೋಡುತ್ತ ನೋಡುವಂಥದ್ದಲ್ಲ ಅದು.